ಫೋಗೋ ದ್ವೀಪದ ಪಾಠ



ಕೆಲಸದ ಮೇಲೆ ಕೆನಡಾದಲ್ಲಿದ್ದಾಗ, ನ್ಯೂಫೌಂಡ್‌ಲ್ಯಾಂಡಿನ ಉತ್ತರಕ್ಕಿರುವ ಫೋಗೋ ದ್ವೀಪಕ್ಕೆ ಹೋಗಿದ್ದೆ. ಹಾಸಿಗೆ, ಒಲೆ ಎಲ್ಲ ಇರುವ ವ್ಯಾನು ಬಾಡಿಗೆಗೆ ಹಿಡಿದು, ಫೇರ್‌ವೆಲ್ ಎಂಬಲ್ಲಿ ವ್ಯಾನಿನ ಸಮೇತ ಫೆರ್ರಿ ಹತ್ತಿದೆವು. ಅಲ್ಲಿ ಮಣ್ಣಿಗಿಂತ ಬಂಡೆಯೇ ಹೆಚ್ಚು; ಮೀನೇ ಜೀವನ.

1960ರ ದಶಕದಲ್ಲಿ ಸರ್ಕಾರ ಇಂಥ ಊರುಗಳ ಜನರಿಗೆ ಹಣ ಕೊಟ್ಟು ಬೇರೆಡೆಗೆ ಕಳಿಸುತ್ತಿತ್ತು. ಫೋಗೋದಲ್ಲಿ ಸುಮಾರು ಹತ್ತು ಊರು. ಕ್ರೈಸ್ತರಲ್ಲೇ ಬೇರೆ ಬೇರೆ ಪಂಗಡ, ಬೇರೆ ಬೇರೆ ಶಾಲೆ, ಪರಸ್ಪರ ಮಾತುಕತೆ ಕಡಿಮೆ. 1967ರಲ್ಲಿ ಕಾಲಿನ್ ಲೋ ಎಂಬ ನಿರ್ದೇಶಕರು ಅಲ್ಲಿನವರನ್ನೇ ಮಾತಾಡಿಸಿ ಕಿರುಚಿತ್ರಗಳನ್ನು ತೆಗೆದರು, ಊರೂರಿಗೂ ತೋರಿಸಿದರು. ಪಕ್ಕದೂರಿನ ಕಷ್ಟವೂ ತಮ್ಮದೇ ಎಂಬುದು ಜನರಿಗೆ ಕಂಡಿತು. ಸೇರಿ ಸಹಕಾರ ಸಂಘ ಕಟ್ಟಿದರು. 1992ರಲ್ಲಿ ಕಾಡ್ ಮೀನು ಹಿಡಿಯುವುದಕ್ಕೆ ನಿಷೇಧ ಬಂದಾಗ ಏಡಿ, ಸೀಗಡಿಯಿಂದ ಸಂಘ ಉಳಿಯಿತು. ದ್ವೀಪ ಖಾಲಿಯಾಗಲಿಲ್ಲ. ಎಲ್ಲ ಊರಿನ ಮಕ್ಕಳಿಗೂ ದ್ವೀಪದ ನಡುವೆ ಒಂದೇ ಶಾಲೆಯಾಯಿತು.

ನಮ್ಮ ಶಾಲೆಗೆ ಎಂಟನೇ ತರಗತಿಗೆ ಸೇರುವವರು ವರ್ಷವರ್ಷವೂ ಕಡಿಮೆಯಾಗುತ್ತಿದ್ದಾರೆ ಎಂದು ಮುಖ್ಯೋಪಾಧ್ಯಾಯರು ಈಗತಾನೇ ಹೇಳಿದರು. ಇದು ಒಂದು ಹಳ್ಳಿಯ ಚಿಂತೆಯಲ್ಲ. ಮಕ್ಕಳನ್ನು ಇಲ್ಲಿಗೆ ಕಳಿಸುವ ಎಲ್ಲ ಹಳ್ಳಿಗಳವರೂ ಇವತ್ತು ಈ ಶಾಮಿಯಾನದ ಕೆಳಗಿದ್ದೀರಿ. ಊಟವಾದ ಮೇಲೆ ಹೊರಟುಬಿಡಬೇಡಿ, ಕೂತು ಮಾತಾಡೋಣ. ಹಳೆಯ ವಿದ್ಯಾರ್ಥಿಗಳಾದ ನಾವೂ ಜೊತೆಗಿರುತ್ತೇವೆ.