ಬ್ಯಾಡರಹಳ್ಳಿಯ ಆಶ್ವಯುಜ

ಆಶ್ವಯುಜ ಮತ್ತು ಕಾರ್ತಿಕ ಮಾಸಗಳನ್ನು ನಮ್ಮ ಪಂಚಾಂಗ ಶರದೃತು ಎಂದು ಕರೆಯುತ್ತದೆ. ಕಾವ್ಯಾಭ್ಯಾಸವುಳ್ಳವರಿಗೆ ಈ ಋತುವಿನ ಚಿತ್ರ ಚಿರಪರಿಚಿತವಾದದ್ದು. ಮೋಡ ಸರಿದ ನಿರ್ಮಲ ಆಕಾಶ, ತಿಳಿಯಾದ ಕೊಳ, ಬೆಳ್ಳಗೆ ತೊನೆಯುವ ಕಾಶಪುಷ್ಪ, ಮರಳಿ ಬಂದ ಹಂಸಗಳು, ತೊಳೆದಿಟ್ಟಂಥ ಬೆಳದಿಂಗಳು. ಕಾಳಿದಾಸನ ಹೆಸರಿನಲ್ಲಿರುವ ‘ಋತುಸಂಹಾರ’ ಒಂದು ಸರ್ಗವನ್ನೇ ಶರತ್ತಿಗೆ ಮೀಸಲಿಟ್ಟಿದೆ. ಆ ವರ್ಣನೆ ಸುಳ್ಳಲ್ಲ. ಆದರೆ ಅದು ಉತ್ತರದ ಬಯಲುಗಳ ಶರತ್ತು. ಬೆಂಗಳೂರಿನ ಪಡುವಣ ಅಂಚಿನಲ್ಲಿ, ಮಾಗಡಿ ರಸ್ತೆಯ ಮೇಲಿರುವ ಬ್ಯಾಡರಹಳ್ಳಿಯಲ್ಲಿ ನಿಂತು ಆಕಾಶ ನೋಡುವ ನನಗೆ ಅಂಥ ಶರತ್ತು ಕಾಣಸಿಗುವುದು ಅಪರೂಪ. ಇಲ್ಲಿ ಆಶ್ವಯುಜವೆಂದರೆ ಮಳೆಗಾಲದ ಮುಕ್ತಾಯವಲ್ಲ, ಅದರ ಹೃದಯವೇ ಸರಿ.

ಒಂದೇ ರಾಜ್ಯದೊಳಗೆ ಎರಡು ಶರತ್ತುಗಳಿರುವುದನ್ನು ಗಮನಿಸಬೇಕು. ಉತ್ತರ ಕನ್ನಡದ ಕರಾವಳಿಯಲ್ಲಿ, ಕಾರವಾರದಿಂದ ಹೊನ್ನಾವರದವರೆಗೆ, ಜೂನ್ ಮೊದಲಲ್ಲಿ ಸಮುದ್ರದಿಂದ ಎದ್ದ ಮಳೆ ನಾಲ್ಕು ತಿಂಗಳ ಕಾಲ ಸುರಿದು, ನವರಾತ್ರಿಯ ಹೊತ್ತಿಗೆ ಬಹುಪಾಲು ಬಿಡುವು ಕೊಡುತ್ತದೆ. ಸಂಜೆಗೊಂದು ಗುಡುಗು, ನಾಲ್ಕು ಹನಿ ಉಂಟಾದರೂ ಅಲ್ಲಿಯ ಮನಸ್ಸು ಆಗಲೇ ಕೊಯ್ಲಿನ ಕಡೆಗೆ ತಿರುಗಿರುತ್ತದೆ. ಗದ್ದೆಯಲ್ಲಿ ಕದಿರು ಬಾಗಿರುತ್ತದೆ, ಅಂಗಳಕ್ಕೆ ಬಿಸಿಲು ಬೇಕಾಗಿರುತ್ತದೆ. ಅದೇ ಹಬ್ಬದ ದಿನಗಳಲ್ಲಿ ನಮ್ಮ ಬಯಲುಸೀಮೆಯ ರಾಗಿ ಇನ್ನೂ ತೆನೆಯೊಡೆಯುತ್ತ, ಹಾಲುಗಟ್ಟುತ್ತ, ನೀರಿಗಾಗಿ ಮುಗಿಲು ನೋಡುತ್ತಿರುತ್ತದೆ. ಅಲ್ಲಿ ಮಳೆ ಹೋಗಲಿ ಎಂಬ ಹರಕೆ. ಇಲ್ಲಿ ಮಳೆ ಬರಲಿ ಎಂಬ ಹರಕೆ.

ಇದಕ್ಕೆ ಕಾರಣ ಸ್ಪಷ್ಟವಾಗಿಯೇ ಇದೆ. ನೈಋತ್ಯದ ಮುಂಗಾರು ಮಾರುತ ತನ್ನ ಭಾರವನ್ನು ಸಹ್ಯಾದ್ರಿಯ ಮೇಲೆ ಇಳಿಸಿ, ಬರಿಗೈಯಲ್ಲಿ ನಮ್ಮತ್ತ ಬರುತ್ತದೆ. ಜುಲೈಯಲ್ಲಿ ಬೆಂಗಳೂರಿಗೆ ದೊರೆಯುವುದು ಬೀಸುಗಾಳಿ, ಮಬ್ಬು ಮೋಡ, ಜಿನುಗು ಹನಿ. ಮುಂಗಾರು ಸೊರಗಿ ಹಿಂದೆ ಸರಿಯತೊಡಗಿದಾಗ ಗಾಳಿ ದಿಕ್ಕು ಬದಲಿಸಿ ಬಂಗಾಳ ಕೊಲ್ಲಿಯ ತೇವವನ್ನು ತರುತ್ತದೆ. ಮಧ್ಯಾಹ್ನದ ಬಿಸಿಲಿಗೆ ಕಾದ ಪ್ರಸ್ಥಭೂಮಿ ಆ ತೇವವನ್ನು ಮೇಲಕ್ಕೆತ್ತುತ್ತದೆ. ಮೂರು ಗಂಟೆಗೆ ಶುಭ್ರವಾಗಿದ್ದ ಆಕಾಶ ಐದಕ್ಕೆ ಕಪ್ಪಾಗಿ, ಆರಕ್ಕೆ ಗುಡುಗಿ, ಎಂಟಕ್ಕೆ ನಕ್ಷತ್ರ ತೋರಿಸುವುದು ಹೀಗೆ. ಕೊಲ್ಲಿಯಲ್ಲಿ ವಾಯುಭಾರ ಕುಸಿತವಾದರಂತೂ ಎರಡು ಮೂರು ದಿನ ಸೂರ್ಯದರ್ಶನವೇ ಇಲ್ಲ. ಬೆಂಗಳೂರಿನ ಜುಲೈ ತಿಂಗಳ ಸರಾಸರಿ ಮಳೆ ಸುಮಾರು 115 ಮಿ.ಮೀ.; ಸೆಪ್ಟೆಂಬರಿನದು ಸುಮಾರು 200, ಅಕ್ಟೋಬರಿನದು ಸುಮಾರು 180. ಹೆಸರಿಗೆ ಹಿಂಗಾರು, ಆದರೆ ತೂಕದಲ್ಲಿ ಹಿಂದುಳಿದದ್ದಲ್ಲ.

ಈ ಸತ್ಯವನ್ನು ಋತುಗಳ ಪಟ್ಟಿ ಮರೆಮಾಡಿದರೂ ನಮ್ಮ ರೈತರ ಮಳೆನಕ್ಷತ್ರಗಳ ಲೆಕ್ಕ ಬಚ್ಚಿಡಲಿಲ್ಲ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆಂದು ಎಣಿಸಿ, ಆ ಅವಧಿಯ ಮಳೆಗೆ ಆ ನಕ್ಷತ್ರದ ಹೆಸರನ್ನೇ ಇಟ್ಟವರು ಅವರು. ಸೆಪ್ಟೆಂಬರ್ ಕೊನೆಗೆ ಹಸ್ತೆ, ಅಕ್ಟೋಬರ್ 10ರ ಸುಮಾರಿಗೆ ಚಿತ್ತೆ, 24ರ ಸುಮಾರಿಗೆ ಸ್ವಾತಿ. ಈ ಹೆಸರುಗಳಿಗೆ ಒಂದೊಂದು ಸ್ವಭಾವವನ್ನೂ ಹಚ್ಚಿದ್ದಾರೆ. ಚಿತ್ತೆಯನ್ನು ಕುರುಡು ಮಳೆ ಎನ್ನುತ್ತಾರೆ. ಒಂದು ಹೊಲವನ್ನು ತೋಯಿಸಿ ಪಕ್ಕದ ಹೊಲವನ್ನು ಒಣಗಿಯೇ ಬಿಡುವ ಗುಡುಗುಮಳೆಗೆ ಇದಕ್ಕಿಂತ ನಿಖರವಾದ ವಿಶೇಷಣ ಸಿಕ್ಕೀತೆ? ರಾಜಾಜಿನಗರದಲ್ಲಿ ಮೊಣಕಾಲುದ್ದ ನೀರು ನಿಂತ ಸಂಜೆ ಕೆಂಗೇರಿಯಲ್ಲಿ ಧೂಳು ಏಳುತ್ತಿರುವುದನ್ನು ಕಂಡವರಿಗೆ ಆ ಕುರುಡಿನ ಅರ್ಥ ತಿಳಿಯುತ್ತದೆ. ಸ್ವಾತಿಯ ಹನಿ ಸಿಂಪಿಯಲ್ಲಿ ಬಿದ್ದು ಮುತ್ತಾಗುವುದೆಂಬುದು ಕವಿಸಮಯ. ಹೊಲದವನ ಪಾಲಿಗೂ ಅದು ಮುತ್ತೇ. ತೆನೆಯೊಳಗಿನ ಕಾಳು ಜಳ್ಳಾಗದೆ ತುಂಬಿಕೊಳ್ಳುವುದು ಈ ಮಳೆಗಳ ಕೃಪೆಯಿಂದ.

ಬ್ಯಾಡರಹಳ್ಳಿಯಿಂದ ಪಶ್ಚಿಮಕ್ಕೆ, ತಾವರೆಕೆರೆಯನ್ನು ದಾಟಿ ಮಾಗಡಿಯ ಕಡೆ ಹೋದರೆ ರಾಗಿಯ ನಡುವೆ ಅಕ್ಕಡಿ ಸಾಲಾಗಿ ಅವರೆಯನ್ನು ಕಾಣಬಹುದು. ಅಕ್ಟೋಬರಿನಲ್ಲಿ ಅದೊಂದು ಹಸಿರು ಬಳ್ಳಿ, ಅಷ್ಟೆ. ಹಗಲು ಮೋಟಾಗಿ ಚಳಿ ಇಳಿದ ಮೇಲೆ ಅದು ಹೂವಾಗುತ್ತದೆ. ಆ ವೇಳೆಗೆ ಮಳೆ ನಿಂತಿರುತ್ತದೆ. ಬಳ್ಳಿ ಬದುಕುವುದು ಚಿತ್ತೆ ಸ್ವಾತಿಗಳು ನೆಲದಲ್ಲಿ ಕೂಡಿಟ್ಟು ಹೋದ ತೇವದ ಮೇಲೆ, ರಾತ್ರಿಯ ಇಬ್ಬನಿಯ ಮೇಲೆ. ಡಿಸೆಂಬರಿನಲ್ಲಿ ವಿಜಯನಗರದ ಮಾರುಕಟ್ಟೆಯಲ್ಲಿ ಸೊಗಡಿನ ಅವರೆಕಾಯಿಯನ್ನು ಮೂಸಿ ಕೊಳ್ಳುವ ನಾವು, ಎರಡು ತಿಂಗಳ ಹಿಂದೆ ನಮ್ಮ ಹಬ್ಬದ ಸಂಜೆಯನ್ನು ಕೆಡಿಸಿತೆಂದು ಶಪಿಸಿದ ಮಳೆಯನ್ನೇ ಕೊಳ್ಳುತ್ತಿರುತ್ತೇವೆ.

ಹೊಲದಷ್ಟೇ ಕೆರೆಯ ಮಾತೂ ಇಲ್ಲಿ ಮುಖ್ಯ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ಏಣಿನ ಮೇಲಿದೆ. ಊರ ಪಡುವಣ ಪಾರ್ಶ್ವದ ನೀರು ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಕಡೆಗೆ ಕಾವೇರಿಗೆ ಸೇರಬೇಕು. ತುಂಬಿ ಹರಿಯುವ ಹೊಳೆಯಿಲ್ಲದ ಈ ನೆಲದಲ್ಲಿ ಹಿಂದಿನವರು ಕೆರೆಗಳ ಸರಪಣಿಯನ್ನು ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆಯಲ್ಲಿ ಕೆಳಗಿನ ಕೆರೆಗೆ. ಮುಂಗಾರಿನ ಜಿನುಗಿಗೆ ಕೆರೆ ತುಂಬುವುದು ವಿರಳ. ಕೋಡಿ ಬೀಳುವುದು ಹೆಚ್ಚಾಗಿ ಹಿಂಗಾರಿನ ಜಡಿಮಳೆಗೆ. ಕೋಡಿ ಬಿದ್ದ ದಿನ ಊರಿಗೆ ಊರೇ ಏರಿಯ ಮೇಲೆ ಸೇರಿ ಗಂಗಮ್ಮನಿಗೆ ಬಾಗಿನ ಕೊಡುತ್ತಿತ್ತು. ಮುಂದಿನ ಬೇಸಿಗೆಯ ಬಾವಿಯ ನೀರನ್ನು ಅಂದೇ ಅಳೆದ ಹಾಗಾಗುತ್ತಿತ್ತು.

ಈಗ ಏರಿಗಳು ರಸ್ತೆಗಳಾಗಿವೆ, ಕಾಲುವೆಗಳು ಕಿರಿದಾಗಿವೆ. ಕೆಂಪೇಗೌಡರ ಕಾಲದ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಬಸ್ ನಿಲ್ದಾಣ ನಿಂತು ದಶಕಗಳೇ ಕಳೆದವು. ಹೇರೋಹಳ್ಳಿ, ಮಲ್ಲತ್ತಹಳ್ಳಿಗಳಲ್ಲಿ ಕೆರೆಗಳು ಉಳಿದಿವೆಯೆಂಬುದು ನಮ್ಮ ಭಾಗದ ಪುಣ್ಯ. ಆದರೆ ಅವುಗಳ ಸುತ್ತ ಹೊಲಗಳಿಲ್ಲ, ಮನೆಗಳಿವೆ. ನೆಲಕ್ಕೆ ಸಿಮೆಂಟಿನ ಹೊದಿಕೆ ಬಿದ್ದಿದೆ. ಇಂಗಬೇಕಾದ ನೀರು ಇಂಗಲಾರದು, ಹರಿಯಬೇಕಾದದ್ದು ಹರಿಯಲಾರದು. ಆಗ ಅದು ನೆಲಮಾಳಿಗೆಗೆ ನುಗ್ಗುತ್ತದೆ. ನಾವು ಅದನ್ನು ‘ಅಕಾಲ ಮಳೆ’ ಎಂದು ಕರೆಯುತ್ತೇವೆ. ನನ್ನ ಆಕ್ಷೇಪವಿರುವುದು ಈ ಪದದ ಬಗ್ಗೆ. ಅಕ್ಟೋಬರಿನ ಮಳೆ ಅಕಾಲದ್ದಲ್ಲ. ಅದು ಬಂದದ್ದು ತನ್ನ ಕಾಲಕ್ಕೇ, ತನ್ನ ದಾರಿಯಲ್ಲೇ. ಆ ದಾರಿಯಲ್ಲಿ ಹೊಸದಾಗಿ ಬಂದು ನಿಂತವರು ನಾವು.

ಅದು ಅತಿರೇಕಕ್ಕೆ ಹೋಗುವುದೂ ಉಂಟು. 2005ರ ಅಕ್ಟೋಬರ್ ಒಂದೇ ತಿಂಗಳಲ್ಲಿ ಬೆಂಗಳೂರಿನಲ್ಲಿ 600 ಮಿ.ಮೀ.ಗೂ ಮಿಕ್ಕು ಮಳೆ ಸುರಿಯಿತು. ಮೂರು ಅಕ್ಟೋಬರುಗಳಷ್ಟು ನೀರು ಒಂದರಲ್ಲೇ. ಬಾರದೆ ಹೋಗುವುದೂ ಉಂಟು. 2023ರ ಮಳೆಗಾಲ ಸೊರಗಿ, ಹಿಂಗಾರೂ ಕೈಕೊಟ್ಟಿತು. ಅದರ ಬೆಲೆಯನ್ನು ನಾವು ತೆತ್ತದ್ದು 2024ರ ಬೇಸಿಗೆಯಲ್ಲಿ. ಕೊಳವೆ ಬಾವಿಗಳು ಬತ್ತಿ, ಬೀದಿಬೀದಿಯಲ್ಲಿ ನೀರಿನ ಟ್ಯಾಂಕರಿಗಾಗಿ ಜನ ಕೊಡ ಹಿಡಿದು ಕಾದರು. ಹೆಚ್ಚು ಬಂದಾಗ ಮಳೆಯನ್ನು ದೂರಿದಷ್ಟು ಜೋರಾಗಿ, ಬಾರದಿದ್ದ ಆ ಆಶ್ವಯುಜವನ್ನು ಯಾರೂ ನೆನೆಯಲಿಲ್ಲ. ಮಾರ್ಚಿನ ಬಾಯಾರಿಕೆಗೆ ಅಕ್ಟೋಬರಿನಲ್ಲೇ ಕಾರಣವಿರುತ್ತದೆಂಬ ಎಣಿಕೆ ನಮ್ಮ ನಗರ ಜೀವನದಿಂದ ಜಾರಿಹೋಗಿದೆ.

ಹಳೆಯ ದಿನಗಳನ್ನು ಕೊಂಡಾಡುವುದು ನನ್ನ ಉದ್ದೇಶವಲ್ಲ. ಬ್ಯಾಡರಹಳ್ಳಿ ಮತ್ತೆ ರಾಗಿಹೊಲವಾಗುವುದಿಲ್ಲ; ಆಗಬೇಕೆಂದರೆ ನನ್ನ ಮನೆಯೂ ಅಲ್ಲಿರಲಾಗದು. ಆದರೆ ಹೆಸರಿನಲ್ಲಿ ಇನ್ನೂ ಹಳ್ಳಿಯನ್ನು ಉಳಿಸಿಕೊಂಡಿರುವ ಊರು ಹಳ್ಳಿಯ ಒಂದು ತಿಳಿವಳಿಕೆಯನ್ನಾದರೂ ಉಳಿಸಿಕೊಳ್ಳಬಹುದಲ್ಲವೆ? ನಮ್ಮ ಬೀದಿಯ ನೀರು ಯಾವ ಕಡೆ ಇಳಿಯುತ್ತದೆ, ಯಾವ ಕಾಲುವೆ ಅದನ್ನು ಒಯ್ಯುತ್ತದೆ, ಯಾವ ಕೆರೆ ಅದಕ್ಕಾಗಿ ಕಾದಿದೆ ಎಂಬಷ್ಟು ತಿಳಿಯುವುದಕ್ಕೆ ಉಳುಮೆ ಬಲ್ಲವರಾಗಬೇಕಿಲ್ಲ. ಆಯುಧಪೂಜೆಯ ದಿನ ವಾಹನಗಳಿಗೆ ಚೆಂಡುಹೂ ಮುಡಿಸುವ ನಾವು, ಮಹಡಿಯ ನೀರನ್ನು ನೆಲಕ್ಕಿಳಿಸುವ ಒಂದು ಇಂಗುಗುಂಡಿಯನ್ನೂ ಅಂದು ತೆರೆದು ಶುಚಿಮಾಡಿದರೆ ಹಬ್ಬಕ್ಕೇನೂ ಲೋಪವಾಗದು. ಅದೂ ಒಂದು ಆಯುಧವೇ.

ಕವಿಗಳ ಶರತ್ತು ಸುಂದರವಾದದ್ದು; ಅದನ್ನು ಓದಿ ಸುಖಿಸೋಣ. ಆದರೆ ಮನೆ ಕಟ್ಟುವಾಗ, ರಸ್ತೆ ಹಾಕುವಾಗ, ಕಾಲುವೆಯ ಅಗಲ ಗೊತ್ತುಮಾಡುವಾಗ ನಮ್ಮ ಎದುರಿಗೆ ಇರಬೇಕಾದದ್ದು ಹಸ್ತೆ, ಚಿತ್ತೆ, ಸ್ವಾತಿಗಳ ಪಟ್ಟಿ.