ಕಾಣದ ಬೆಂಕಿಯ ಒಲೆ

ಬಹುಕಾಲ ತರಗತಿಯಲ್ಲಿ ಕಾವ್ಯವನ್ನು ಪಾಠ ಹೇಳಿದವನು ಇಂದು ಒಲೆಯನ್ನು ಕುರಿತು ಮಾತನಾಡಲು ಹೊರಟಿರುವುದು ಕೆಲವು ಕೇಳುಗರಿಗೆ ವಿಚಿತ್ರವೆನಿಸಬಹುದು. ಆದರೆ ಕಳೆದ ಬೇಸಗೆಯಿಂದ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿರುವುದು ಅಂಗೈಯಗಲದ ಒಂದು ಒಲೆಯೇ.

ತಲ್ಲೂರಿನ ನಮ್ಮ ಮನೆಯಲ್ಲಿ, ನನ್ನ ಬಾಲ್ಯದಲ್ಲಿ, ಸೀಮೆಎಣ್ಣೆಯ ಪಂಪ್ ಸ್ಟೌವ್ ಒಂದಿತ್ತು. ಸ್ವೀಡನ್ನಿನಲ್ಲಿ 1892ರಲ್ಲಿ ಹುಟ್ಟಿದ ಪ್ರೈಮಸ್ಸಿನ ವಂಶದ್ದು. ಅದನ್ನು ಹೊತ್ತಿಸುವ ಮೊದಲು ಬರ್ನರಿನ ಬುಡದ ಪುಟ್ಟ ಬಟ್ಟಲಿಗೆ ಸ್ಪಿರಿಟ್ ಸುರಿದು ಕಾಯಿಸಬೇಕು. ಆ ನೀಲಿ ಜ್ವಾಲೆ ಮಾಯವಾಗುವ ಹೊತ್ತಿಗೆ ಅಮ್ಮ ಪಂಪು ಒತ್ತತೊಡಗುವರು. ಬಟ್ಟಲಿನ ಸ್ಪಿರಿಟ್ಟೇ ಸ್ವತಂತ್ರವಾಗಿ ಒಲೆಯಾದೀತೆಂಬುದು ನಮಗಾರಿಗೂ ಹೊಳೆಯಲಿಲ್ಲ. ಅದೇ ಸ್ವೀಡನ್ನಿನ ಟ್ರಾಂಜಿಯಾ ಸಂಸ್ಥೆ 1951ರಷ್ಟು ಹಿಂದೆಯೇ ಚಾರಣಿಗರಿಗಾಗಿ ಅಂಥದನ್ನು ಮಾಡಿತ್ತೆಂದು ನಾನು ತಿಳಿದದ್ದು ನಿವೃತ್ತನಾದ ಮೇಲೆ, ನನ್ನ ತಂಗಿಯ ಮಗನಿಂದ.

ಆತ ಬೆನ್ನಿಗೆ ಚೀಲ ಬಿಗಿದು ಬೆಟ್ಟ ಹತ್ತುವವನು. ಹೊರೆಯನ್ನು ಗ್ರಾಮುಗಳಲ್ಲಿ ಲೆಕ್ಕ ಹಾಕುವವನು. ಹೆಮ್ಮಾಡಿ, ವಂಡ್ಸೆಯ ದಾರಿಯಾಗಿ ಕೊಲ್ಲೂರಿಗೆ ಹೋಗಿ, ಅಲ್ಲಿಂದ ನನ್ನನ್ನೂ ಕೊಡಚಾದ್ರಿಗೆ ಹತ್ತಿಸಬೇಕೆಂಬುದು ಅವನ ಹಟ. ಕಾಡಿನೊಳಗೆ ಬೆಂಕಿ ಮಾಡುವುದು ಸಲ್ಲದು. ಆದುದರಿಂದ ತಪ್ಪಲಿನ ಪರಿಚಿತರೊಬ್ಬರ ಅಂಗಳದಲ್ಲಿ ಚಹಾ ಕಾಸುವುದೆಂದು ತೀರ್ಮಾನವಾಗಿತ್ತು. ಅದಕ್ಕಾಗಿ ಒಲೆಯ ಸಿದ್ಧತೆ.

ತಂಪುಪಾನೀಯದ ಎರಡು ಅಲ್ಯುಮಿನಿಯಂ ಡಬ್ಬಿಗಳ ತಳಗಳನ್ನು ಕತ್ತರಿಸಿ, ಒಂದನ್ನು ಇನ್ನೊಂದರೊಳಗೆ ಬಿಗಿಯಾಗಿ ಕೂರಿಸಿ, ನಡುವೆ ತೆಳುತಗಡಿನ ಒಳಗೋಡೆ ನಿಲ್ಲಿಸಿದ. ಅಂಚಿನ ಸುತ್ತ ಸೂಜಿಯಿಂದ ರಂಧ್ರಗಳು. ನಡುವಿನ ಗುಳಿಗೆ ಸ್ಪಿರಿಟ್ ಸುರಿದು ಕಡ್ಡಿ ಗೀರಿದರೆ ಮೊದಲು ಸೋಮಾರಿ ಜ್ವಾಲೆ. ಮದ್ಯಸಾರ 78 ಡಿಗ್ರಿಗೇ ಕುದಿಯುವ ವಸ್ತು. ಸ್ವಲ್ಪ ಹೊತ್ತಿನಲ್ಲಿ ಅದರ ಆವಿ ಎರಡು ಗೋಡೆಗಳ ನಡುವೆ ತುಂಬಿ, ರಂಧ್ರಗಳಿಂದ ಚಿಮ್ಮಿ, ಕಿರೀಟದಂತೆ ಹೊತ್ತಿಕೊಳ್ಳುತ್ತದೆ. ಪಂಪಿಲ್ಲ, ಬತ್ತಿಯಿಲ್ಲ.

ಇಷ್ಟು ಸರಳವೆಂದು ತೋರಿದರೂ ಅವನು ಕೆಡಿಸಿದ ಡಬ್ಬಿಗಳು ಹತ್ತಕ್ಕೆ ಕಡಿಮೆಯಿಲ್ಲ. ರಂಧ್ರ ದೊಡ್ಡದಾದರೆ ಜ್ವಾಲೆ ಹಳದಿಯಾಗಿ ಪಾತ್ರೆಯ ಪಕ್ಕೆಯನ್ನು ನೆಕ್ಕಿ ವ್ಯರ್ಥವಾಗುವುದು. ಪಾತ್ರೆ ತೀರ ಕೆಳಗಿದ್ದರೆ ಗಾಳಿ ಸಾಲದೆ ಉಸಿರುಕಟ್ಟುವುದು. ನಮ್ಮೂರ ಕಡಲಗಾಳಿಗೆ ಮರೆ ಕಟ್ಟಿದ. ಮರೆಯನ್ನು ಸಂದಿಲ್ಲದೆ ಮುಚ್ಚಿದಾಗ ನೀರಿಗಿಂತ ಮೊದಲು ಒಲೆಯೇ ಉಕ್ಕಿ ಕುದಿಯಿತು! ಮಾತ್ರೆಯೊಂದು ಹೆಚ್ಚಿದರೆ ಕಂದಪದ್ಯ ಕುಂಟುವುದನ್ನು ಮಾತ್ರ ಕಂಡವನು ನಾನು. ಸೂಜಿಯ ಮೊನೆಯಲ್ಲಿಯೂ ಛಂದಸ್ಸುಂಟೆಂದು ಅಂದು ಕಂಡೆ. ಕೊನೆಗೆ ಸುಮಾರು 30 ಮಿಲಿಲೀಟರ್ ಸ್ಪಿರಿಟ್ಟಿನಲ್ಲಿ ಅರ್ಧ ಲೀಟರ್ ನೀರು ಕುದಿಯಿತು.

ಈ ಸ್ಪಿರಿಟ್ಟಿಗೆ ವಿಷ ಬೆರೆಸಿರುತ್ತಾರೆ, ಕುಡಿಯಬಾರದೆಂದು. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನರನ್ನು ಕೊಂದ ಕಳ್ಳಮದ್ಯದಲ್ಲಿ ಇದ್ದದ್ದು ಮೆಥನಾಲ್. ಶೀಸೆಯ ಮೇಲೆ ಹುಡುಗ ಕೆಂಪಕ್ಷರದಲ್ಲಿ ಬರೆದಿದ್ದ. ಡೇರೆಯೊಳಗೆ ಉರಿಸಕೂಡದು, ಉರಿಯುವಾಗ ಸುರಿಯಕೂಡದು ಎಂದು ನನಗೂ ಹೇಳಿದ್ದ. ‘ಗೊತ್ತು’ ಎಂದಿದ್ದೆ. ಅಧ್ಯಾಪಕರಿಗೆ ಆ ಮಾತು ಬಹು ಬೇಗ ಬರುತ್ತದೆ.

ಮರುದಿನ ನಡುಹಗಲು. ಅಂಗಳದಲ್ಲಿ ಕಣ್ಣು ಕೋರೈಸುವ ಬಿಸಿಲು. ಪಾತ್ರೆಯ ನೀರು ಸದ್ದು ನಿಲ್ಲಿಸಿತು, ಜ್ವಾಲೆ ಕಾಣಲಿಲ್ಲ. ಆರಿತೆಂದು ಬಗೆದು, ಪಾತ್ರೆ ಇಳಿಸಿ ಶೀಸೆಯನ್ನು ಬಗ್ಗಿಸಿದೆ. ‘ಬ್ಯಾಡಿ ಮಾವ!’ ಎಂಬ ಕೂಗು ಕೇಳಿಸಿತು. ಸುರಿಯುವ ಧಾರೆಯನ್ನೇ ಹಿಡಿದು ಬೆಂಕಿ ಮೇಲೇರಿತ್ತು. ಆತ ನನ್ನ ಕೈಯ ಶೀಸೆಯನ್ನು ಹೊಡೆದು ಕೆಡಹಿದ. ಅವನ ಕೈಯ ಮೇಲೆ ಬೆಂಕಿಯಿತ್ತು; ನನಗೆ ಅದೂ ಕಾಣಲಿಲ್ಲ, ಕಂಡದ್ದು ಅವನ ಮುಖ ಮಾತ್ರ. ಬಾವಿಕಟ್ಟೆಯ ಕೊಡಪಾನಕ್ಕೆ ಕೈ ಅದ್ದಿದ. ಸ್ಪಿರಿಟ್ ನೀರಿನಲ್ಲಿ ಬೆರೆಯುವುದರಿಂದ ಬೆಂಕಿ ತಕ್ಷಣ ಆರಿತು. ಆದರೂ ಮಣಿಕಟ್ಟಿನವರೆಗೆ ಬೊಬ್ಬೆ ಎದ್ದಿತು. ಕುಂದಾಪುರಕ್ಕೆ ಹೋಗಿ ಹಲವು ದಿನ ಪಟ್ಟಿ ಕಟ್ಟಿಸಬೇಕಾಯಿತು. ತಂಗಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಕೊಡಚಾದ್ರಿಯ ಪ್ರಯಾಣ ಅಲ್ಲಿಗೆ ನಿಂತಿತು. ಒಲೆಯ ಮಾತನ್ನು ನಾನು ಎತ್ತಲಿಲ್ಲ.

ಮಳೆಗಾಲ ಕಳೆದ ಮೇಲೆ ಅವನೇ ಬಂದ. ಕೈಯಲ್ಲಿ ಹೊಸ ಒಲೆ, ಹೊಳೆಯುವ ಎಳೆಚರ್ಮ. ಈ ಸಲ ಬೆಂಕಿಯನ್ನು ಮುಚ್ಚಿ ನಂದಿಸಲು ಒಂದು ಮುಚ್ಚಳವಿತ್ತು. ಒಂದು ಸಲಕ್ಕೆ ಬೇಕಾದಷ್ಟನ್ನೇ ಅಳೆಯುವ ಲೋಟವಿತ್ತು, ಶೀಸೆಯನ್ನು ಒಲೆಯ ಬಳಿ ತರುವುದೇ ಬೇಡವೆಂದು. ಜೊತೆಗೆ, ಉಪ್ಪುನೀರಿನಲ್ಲಿ ಅದ್ದಿ ಒಣಗಿಸಿದ ತಂತಿಯ ತುಂಡೊಂದನ್ನು ಅಂಚಿಗೆ ಸಿಕ್ಕಿಸಿದ್ದ. ಉಪ್ಪಿನಲ್ಲಿರುವ ಸೋಡಿಯಂ ಜ್ವಾಲೆಗೆ ಹಳದಿ ಬಣ್ಣ ಕೊಡುತ್ತದೆಯಂತೆ.

ಅದೇ ಅಂಗಳ, ಅದೇ ಬಿಸಿಲು. ತಂತಿಯ ತುದಿಯಲ್ಲಿ ಅರಿಶಿನದ ಎಳೆಯಂತೆ ಬೆಂಕಿ ನನಗೂ ಕಂಡಿತು. ನೀರು ಕುದಿಯಿತು. ಹಳದಿ ಎಳೆ ಸಣ್ಣದಾಗಿ ಇಲ್ಲವಾಯಿತು. ‘ಈಗ ಆರಿತು, ಮಾವ’ ಎಂದು ಆತ ಲೋಟವನ್ನು ನನ್ನತ್ತ ಚಾಚಿದ. ನಾನು ಇನ್ನೂ ಸ್ವಲ್ಪ ಹೊತ್ತು ಕೈಕಟ್ಟಿಕೊಂಡೇ ಕುಳಿತಿದ್ದೆ.