ಗಾಳಕ್ಕೆ ಗರಿಯ ನೊಣ ಕಟ್ಟುವ ಕ್ರಮ

(ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ರೈತರಿಗಾಗಿ ಮಾಡಿದ ಉಪನ್ಯಾಸ)



ಕಾವೇರಿ, ಶಿಂಷಾ ನದಿಗಳೂ ವಿಶ್ವೇಶ್ವರಯ್ಯ ನಾಲೆಯೂ ಊರೂರಿನ ಕೆರೆಗಳೂ ಇರುವ ಈ ಸೀಮೆಯಲ್ಲಿ ಗಾಳ ಹಾಕುವುದು ಹೊಸ ವಿದ್ಯೆಯಲ್ಲ. ಎರೆಹುಳುವನ್ನೋ ರಾಗಿ ಹಿಟ್ಟಿನ ಉಂಡೆಯನ್ನೋ ಕೊಕ್ಕೆಗೆ ಸಿಕ್ಕಿಸಿ ಮೀನು ಹಿಡಿಯುವುದನ್ನು ಹುಡುಗರೂ ಬಲ್ಲರು. ಆದರೆ ಕೋಳಿಯ ಗರಿಯನ್ನು ದಾರದಿಂದ ಕೊಕ್ಕೆಗೆ ಸುತ್ತಿ, ನೊಣದಂತೆ ತೋರುವ ಎರೆಯನ್ನು ಸಿದ್ಧಪಡಿಸುವ ಕ್ರಮವು ಹಳ್ಳಿಗಳಲ್ಲಿ ಅಷ್ಟಾಗಿ ಬಳಕೆಗೆ ಬಂದಿಲ್ಲ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆಚ್. ಎಸ್. ಥಾಮಸ್ ಎಂಬವರು 1873ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ 'ದಿ ರಾಡ್ ಇನ್ ಇಂಡಿಯಾ' ಎಂಬ ಗ್ರಂಥದಲ್ಲಿಯೇ ಈ ವಿಷಯವು ಬಂದಿರುವುದು.

ಗರಿಯ ನೊಣದಿಂದ ಎರಡು ಅನುಕೂಲಗಳುಂಟು. ಒಂದೇ ನೊಣವನ್ನು ಅನೇಕ ಸಲ ಉಪಯೋಗಿಸಬಹುದು. ಮೀನು ಅದನ್ನು ನುಂಗುವುದಕ್ಕೆ ಮೊದಲೇ ಸಾಮಾನ್ಯವಾಗಿ ತುಟಿಯಲ್ಲಿ ಸಿಕ್ಕುವುದರಿಂದ, ಬೇಡವಾದ ಮೀನನ್ನು ಜೀವಂತವಾಗಿ ನೀರಿಗೆ ಬಿಡಬಹುದು. ನೀರಿನ ಮೇಲ್ಮಟ್ಟದಲ್ಲಿ ಹುಳು ಹಿಡಿಯುವ ಸಣ್ಣ ಮೀನುಗಳು ಇದಕ್ಕೆ ಬೇಗ ಬರುವುವು. ಕೆರೆಗಳಲ್ಲಿ ಬಿಟ್ಟಿರುವ ಕಾಟ್ಲಾ ಮೀನು ಸೂಕ್ಷ್ಮ ಜೀವಿಗಳನ್ನು ಸೋಸಿ ತಿನ್ನುವುದಾದ್ದರಿಂದ ಅದನ್ನು ಹೀಗೆ ಹಿಡಿಯಲು ಯತ್ನಿಸುವುದು ವೃಥಾ ಶ್ರಮ.

ಬೇಕಾದ ಸಾಮಗ್ರಿಗಳು: 8 ಅಥವಾ 10ನೆಯ ನಂಬರಿನ ಕೊಕ್ಕೆ, ತೆಳುವಾದ ರೇಷ್ಮೆಯ ದಾರ, ಸ್ವಲ್ಪ ಜೇನುಮೇಣ, ಕುರಿಯ ಉಣ್ಣೆ, ಹುಂಜದ ಕತ್ತಿನ ಗರಿ, ಚಿಕ್ಕ ಕತ್ತರಿ, ಒಂದು ತೊಟ್ಟು ವಾರ್ನಿಷು. ನಂಬರು ಹೆಚ್ಚಿದಂತೆ ಕೊಕ್ಕೆ ಚಿಕ್ಕದಾಗುವುದೆಂಬುದನ್ನು ಕೊಳ್ಳುವಾಗ ನೆನಪಿಡತಕ್ಕದ್ದು. ನವಿಲುಗರಿಯ ಆವಶ್ಯಕತೆಯಿಲ್ಲ, ನವಿಲನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧವು.

ಮೊದಲು ಕೊಕ್ಕೆಯ ಮೊನೆಯ ಹಿಂದಿರುವ ಸಣ್ಣ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಬೇಕು. ಬಳಿಕ ಕೊಕ್ಕೆಯ ಬಾಗಿದ ಭಾಗವನ್ನು ಹಲಗೆಗೆ ಬಿಗಿದ ಇಕ್ಕಳದಲ್ಲಿ ಸಿಕ್ಕಿಸಿ, ದಂಡವು ಅಡ್ಡಲಾಗಿ, ಕಣ್ಣು ಬಲಕ್ಕೆ ಇರುವಂತೆ ನಿಲ್ಲಿಸಬೇಕು. ದಾರಕ್ಕೆ ಮೇಣ ತಿಕ್ಕಿ, ಕಣ್ಣಿನ ಹಿಂದೆ ಸ್ವಲ್ಪ ಎಡೆ ಬಿಟ್ಟು, ದಾರದ ತುದಿಯ ಮೇಲೆಯೇ ಐದಾರು ಸುತ್ತು ಬರುವಂತೆ ಸುತ್ತಿ, ಮಿಕ್ಕ ತುದಿಯನ್ನು ಕತ್ತರಿಸುವುದು. ಅನಂತರ ಸುತ್ತಿಗೆ ಸುತ್ತು ತಗಲುವಂತೆ ಬಾಗಿನವರೆಗೆ ಹೋಗಬೇಕು. ಅಲ್ಲಿ ಉಣ್ಣೆಯ ಕೆಲವೇ ಎಳೆಗಳನ್ನು ದಾರಕ್ಕೆ ಹೊಸೆದು ಮುಂದಕ್ಕೆ ಸುತ್ತುತ್ತ ಬಂದರೆ ಹುಳುವಿನ ಮೈ ಆಗುವುದು. ಈ ಮೈಯು ಕಣ್ಣಿಗಿಂತ ಸಾಕಷ್ಟು ಹಿಂದೆಯೇ ಮುಗಿಯಬೇಕು.

ಗರಿಯ ಎಳೆಗಳ ಉದ್ದವು ಕೊಕ್ಕೆಯ ಬಾಯಿಯ ಅಗಲದ ಒಂದೂವರೆಯಷ್ಟಿದ್ದರೆ ಸಾಕು. ಬುಡದ ಮೆತ್ತನೆಯ ತುಪ್ಪಟವನ್ನು ಕಿತ್ತು, ಬುಡವನ್ನು ಮೈಯ ಮುಂದೆ ಕಟ್ಟಿ, ಗರಿಯನ್ನು ಮೂರು ನಾಲ್ಕು ಸುತ್ತು ಸುತ್ತಿ, ಅದರ ತುದಿಯನ್ನು ದಾರದಿಂದ ಬಿಗಿದು ಕತ್ತರಿಸುವುದು. ಕಡೆಯಲ್ಲಿ ದಾರದಿಂದ ಚಿಕ್ಕ ತಲೆಯನ್ನು ಮಾಡಿ, ಮೂರು ಕುಣಿಕೆ ಹಾಕಿ ಬಿಗಿದು, ವಾರ್ನಿಷು ಹಚ್ಚತಕ್ಕದ್ದು. ಅದು ಒಣಗುವ ಮೊದಲು ಕೊಕ್ಕೆಯ ಕಣ್ಣನ್ನು ಸೂಜಿಯಿಂದ ಬಿಡಿಸಿಡಬೇಕು.

ಹೊಸಬರಲ್ಲಿ ಕಾಣುವ ತಪ್ಪುಗಳು ಮೂರು: ಕಣ್ಣಿನವರೆಗೂ ಸುತ್ತಿ ತಲೆಗೆ ಎಡೆಯಿಲ್ಲದಂತೆ ಮಾಡುವುದು, ಉಣ್ಣೆಯನ್ನೂ ಗರಿಯನ್ನೂ ಅತಿಯಾಗಿ ತುಂಬುವುದು, ದಾರವನ್ನು ಹರಿಯುವಷ್ಟು ಎಳೆಯುವುದು. ಬಗೆಬಗೆಯ ನೊಣಗಳಿಗೆ ಕೈಹಾಕದೆ, ಒಂದೇ ಬಗೆಯದನ್ನು ಹನ್ನೆರಡು ಸಲ ಕಟ್ಟಿದವನಿಗೆ ಕೈ ಕುದುರುವುದು. ಹನ್ನೆರಡನೆಯದನ್ನು ಮೊದಲನೆಯದರ ಪಕ್ಕದಲ್ಲಿಟ್ಟರೆ ತಪ್ಪು ತಾನೇ ತಿಳಿಯುವುದು.

ಎಲ್ಲಿ ಗಾಳ ಹಾಕಬಹುದೆಂಬುದನ್ನೂ ಅರಿತಿರಬೇಕು. ಕೆರೆಯ ಮೀನು ಗುತ್ತಿಗೆಗೆ ಹೋಗಿದ್ದರೆ ಗುತ್ತಿಗೆದಾರರ ಒಪ್ಪಿಗೆ ಅವಶ್ಯವು. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯ ಸುತ್ತಣ ಪ್ರದೇಶವು 1987ರಲ್ಲಿ ಸ್ಥಾಪಿತವಾದ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದುದು. ಅಲ್ಲಿ ಗಾಳ ಹಾಕುವುದು ಸಲ್ಲದು. ಇದಕ್ಕೆ ಬಲವಾದ ಕಾರಣವಿರುವುದು. 1946ರಲ್ಲಿ ಕಬಿನಿ ಹೊಳೆಯಲ್ಲಿ 120 ಪೌಂಡು ತೂಗುವ ಮಹಶೀರ್ ಮೀನೊಂದು ಗಾಳಕ್ಕೆ ಸಿಕ್ಕಿತ್ತು. ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇರುವ ಈ ಡುಬ್ಬದ ಮಹಶೀರನ್ನು 2018ರಲ್ಲಿ ಶಾಸ್ತ್ರಜ್ಞರು ಟಾರ್ ರೆಮದೇವಿ ಎಂಬ ಜಾತಿಯೆಂದು ನಿರ್ಣಯಿಸಿದರು. ಅದೇ ವರ್ಷ ಅದು ಅಳಿವಿನ ತೀರ ಅಂಚಿಗೆ ಬಂದಿರುವ ಪ್ರಾಣಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಸಿಡಿಮದ್ದು ಹಾಕಿ ಮೀನು ಕೊಲ್ಲುವುದನ್ನು 1897ರ ಮೀನುಗಾರಿಕೆ ಕಾಯಿದೆಯೇ ನಿಷೇಧಿಸಿತ್ತು. ಮದ್ದು ಸಿಡಿದ ಮಡುವಿನಲ್ಲಿ ದೊಡ್ಡ ಮೀನಿನೊಡನೆ ಮರಿಯೂ ಸಾಯುವುದು. ಗಾಳದವನಾದರೋ ಒಂದನ್ನು ಹಿಡಿದು ಒಂದನ್ನು ಬಿಡಬಲ್ಲನು.

ಹರಿದ ದಾರವನ್ನು ದಡದಲ್ಲಿ ಎಸೆಯಬಾರದು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆಗಳೂ ಕೊಕ್ಕರೆಗಳೂ ಸುತ್ತಲಿನ ಕೆರೆ ಹೊಳೆಗಳಲ್ಲಿಯೇ ಮೇಯುವುವು. ಕಾಲಿಗೆ ದಾರ ಸುತ್ತಿಕೊಂಡ ಹಕ್ಕಿಯು ಮರಿಗಳಿಗೆ ಮೀನು ತರಲಾರದು. ಆದುದರಿಂದ ತುಂಡು ದಾರವನ್ನು ಜೇಬಿಗೆ ಹಾಕಿಕೊಂಡು ಮನೆಗೆ ಒಯ್ಯುವುದೂ, ಅಂಗೈಯುದ್ದವಿಲ್ಲದ ಮೀನನ್ನು ಒದ್ದೆ ಕೈಯಿಂದ ಹಿಡಿದು ನೀರಿಗೆ ಬಿಡುವುದೂ ಈ ವಿದ್ಯೆಯನ್ನು ಕಲಿಯುವವರಿಗೆ ಮೊದಲ ಪಾಠಗಳಾಗತಕ್ಕದ್ದು.